ಗಸಿ ಡಬ್ಬಿಯ ಅಜ್ಜ

ಆ ಕಾರ್ಖಾನೆಯಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ. ಮುರಿದ ಕುರ್ಚಿಯ ಕಾಲು ಇನ್ನೊಂದು ಕುರ್ಚಿಗೆ ಕಾಲಾಗುತ್ತದೆ, ಹಳೇ ಬಾಗಿಲಿನ ತಿರುಪು ಡ್ರಾಯರಿನ ಹಿಡಿಗೆ ಹೋಗುತ್ತದೆ, ಸವೆದ ಉಪ್ಪುಕಾಗದ ಕೂಡ ತುಂಡು ತುಂಡಾಗುವವರೆಗೆ ಯಾರದೋ ಕೈಯಲ್ಲಿ ಉಜ್ಜಿಸಿಕೊಳ್ಳುತ್ತಲೇ ಇರುತ್ತದೆ. ಕಾರ್ಖಾನೆ ಎಂದರೆ ಭಾರೀ ಏನೋ ಎಂದುಕೊಳ್ಳಬೇಡಿ. ಹಳೇ ಮರದ ಸಾಮಾನು ರಿಪೇರಿ ಮಾಡುವ ಒಂದು ಉದ್ದನೆಯ ಶೆಡ್ಡು, ಹಿಂದುಗಡೆ ಗೋಡೆ ಎಬ್ಬಿಸಿ ಬೇರೆ ಮಾಡಿದ ಪಾಲಿಶ್ ಕೋಣೆ, ಮುಂದುಗಡೆ ಮಾಲೀಕರು ಕೂರುವ ಗಾಜಿನ ಗೂಡು. ಅಷ್ಟೇ.

ಪಾಲಿಶ್ ಕೋಣೆಯ ಕಪಾಟಿನ ಕೆಳಗಿನ ಹಲಗೆಯಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ. ಅರಗು ಕರಗಿಸಿದ ಪಾತ್ರೆಯ ತಳ, ಜೇನುಮೇಣದ ಚೂರು, ಅಗಸೆ ಎಣ್ಣೆಯ ಕೊನೇ ತೊಟ್ಟು, ಬ್ರಶ್ಶು ತೊಳೆದ ಟರ್ಪೆಂಟೈನು, ಎಲ್ಲವನ್ನೂ ಕೆರೆದು ಅದಕ್ಕೆ ಸುರಿಯುತ್ತಾರೆ. ಅದು ಗಸಿ ಡಬ್ಬಿ. ಅದರಲ್ಲಿರುವುದನ್ನು ಮೇಜಿನ ಹೊಟ್ಟೆಯಡಿ, ಬೀರುವಿನ ಬೆನ್ನಿಗೆ, ಡ್ರಾಯರಿನ ತಳಕ್ಕೆ, ಒಟ್ಟಿನಲ್ಲಿ ಯಾರ ಕಣ್ಣೂ ಬೀಳದ ಕಡೆ ಬಳಿಯುತ್ತಾರೆ. ಮರಕ್ಕೆ ಹುಳು ಹಿಡಿಯದಿದ್ದರೆ ಸಾಕು, ಅಲ್ಲಿ ಚೆಂದ ಯಾರಿಗೆ ಬೇಕು.

ಆ ಡಬ್ಬಿಯೊಳಗಿನ ಸರಕಿಗೆ ಕಾರ್ಖಾನೆಯವರು ‘ಬೆರಕೆ’ ಅನ್ನುತ್ತಾರೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಾವು ಬಿಡುವ ಬುರುಡೆಗೂ ಅದೇ ಹೆಸರು. ಅದೊಂದು ಆಟ. ಒಬ್ಬರು ಒಂದು ಸುಳ್ಳು ಹೇಳಬೇಕು. ಪಕ್ಕದವರು ಇಲ್ಲ ಅನ್ನದೆ, ನಗದೆ, ಅದರ ಮೇಲೆ ಇನ್ನೊಂದು ಸುಳ್ಳನ್ನು ಕೂರಿಸಬೇಕು. ಮೊದಲು ನಕ್ಕವರು ಎಲ್ಲರ ಊಟದ ಡಬ್ಬಿ ತೊಳೆಯಬೇಕು. ಸಾಮಾನ್ಯವಾಗಿ ತೊಳೆಯುವವನು ಕುರ್ಚಿಗೆ ಬೆತ್ತ ಹೆಣೆಯುವವನೇ. ಅವನ ಮುಖದಲ್ಲಿ ನಗು ನಿಲ್ಲುವುದಿಲ್ಲ, ಹುಟ್ಟಿದಾಗಿನಿಂದ ಹಾಗೆ. ಎಂಥ ಬುರುಡೆಗೂ ತುಟಿ ಪಿಟಿಕ್ ಅನ್ನದೆ ಕೂತಿರುವವಳು ಒಬ್ಬಳೇ, ಪಾಲಿಶ್ ಅಕ್ಕ.

ಪಾಲಿಶ್ ಅಕ್ಕನ ವಿಷಯ ಹೇಳಬೇಕು. ಕೈಬೆರಳ ತುದಿಯೆಲ್ಲ ಅರಗು ಹಿಡಿದು ಕೆಂಪಾದ, ಮಾತಿಗೆ ಮಾತು ಬಿಡದ ಹೆಂಗಸು. ಆ ಕೋಣೆಗೆ ಸೇರಿದಾಗ ಅವಳ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಈಗ ಆ ಮಗಳೇ ಅದೇ ಶೆಡ್ಡಿನಲ್ಲಿ ಪಾಲಿಶ್ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕೆಲಸದಲ್ಲಿದ್ದಾಳೆ. ಡಬ್ಬಿಯೊಳಗಿನ ಪಾಲಿಶ್ ಇದೆಯಲ್ಲ, ಈ ಕಥೆಯೆಲ್ಲ ಅದರದ್ದೇ.

ಅದು ಹುಟ್ಟಿದ್ದು ಒಂದು ಜಗಳದಿಂದ. ಯಾರದೋ ಮನೆಯ ದೊಡ್ಡ ಊಟದ ಮೇಜು ಬಂದಿತ್ತು. ಅಕ್ಕ ಅದನ್ನು ಮಗುಚಿ ಹಾಕಿ, ಗಸಿ ಡಬ್ಬಿ ಪಕ್ಕಕ್ಕೆಳೆದುಕೊಂಡು ಅಡಿಭಾಗಕ್ಕೆ ಬಳಿಯುತ್ತಿದ್ದಳು. ಅಷ್ಟರಲ್ಲಿ ದೊಡ್ಡ ಬಡಗಿ ಬಂದು ಕಿಟಕಿ ತೆಗೆದ. ಅವನಿಗೆ ಸೆಕೆ. ಅಕ್ಕನಿಗೆ ಧೂಳಿನ ಭಯ, ಹಸಿ ಪಾಲಿಶಿಗೆ ಮರದ ಹೊಟ್ಟು ಕೂತರೆ ಮತ್ತೆ ಮೊದಲಿಂದ ಉಜ್ಜಬೇಕು. ಅವಳು ಮುಚ್ಚು ಅಂದಳು, ಅವನು ಉಸಿರು ಕಟ್ಟುತ್ತದೆ ಅಂದ. ಮಾತಿಗೆ ಮಾತು ಬೆಳೆಯಿತು. ಅವನ ಬಾಯಿಗೆ ಬಾಯಿ ಕೊಡುತ್ತಲೇ ಅಕ್ಕ ಮೇಜನ್ನು ಸರಿ ಮಗುಚಿ ನಿಲ್ಲಿಸಿ, ಅದೇ ಬಟ್ಟೆಯುಂಡೆಯನ್ನು ಅದೇ ಡಬ್ಬಿಗೆ ಅದ್ದಿ ಮೇಲ್ಭಾಗಕ್ಕೆ ಹಚ್ಚುತ್ತಾ ಹೋದಳು. ಜಗಳ ಗೆದ್ದು ಕಿಟಕಿ ಮುಚ್ಚಿಸಿ ತಿರುಗಿ ನೋಡಿದಾಗ ಕೆಲಸ ಕೆಟ್ಟುಹೋಗಿತ್ತು. ಬೆನ್ನಿಗೆ ಹಚ್ಚುವುದನ್ನು ಮುಖಕ್ಕೆ ಹಚ್ಚಿಯಾಗಿತ್ತು.

ಮಾಲೀಕರು ಬಂದು ನೋಡಿದರು. ಅವರು ಕೂಗಾಡುವ ಜನವಲ್ಲ, ನಗುನಗುತ್ತಲೇ ಮಾತಾಡುವ ಜನ. ಅವತ್ತು ಮಾತ್ರ ಕೆಂಡಾಮಂಡಲವಾದರು. ಯಾವಾಗಲೂ ‘ಅಕ್ಕ, ನೀವು’ ಅನ್ನುತ್ತಿದ್ದವರು ಎಲ್ಲರ ಮುಂದೆ ‘ನೀನು’ ಅಂದರು. “ನಿನ್ನ ಕಣ್ಣು ಎಲ್ಲಿಟ್ಟಿದ್ದೆ? ಕಸ ತಂದು ಮೇಜಿನ ಮೇಲೆ ಸುರಿದಿದ್ದೀಯಲ್ಲ. ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ, ಹೊರಗೆ ಬಾಗಿಲು ಕೆರಿ.”

ಹೊರಗೆ ಅಂದರೆ ಅಂಗಳ. ಹಳೇ ಬಾಗಿಲುಗಳ ಪೇಂಟನ್ನು ಬಿಸಿ ಮಾಡಿ ಕೆರೆಯುವ ಕೆಲಸ, ಹೊಸಬರಿಗೆ ಕೊಡುವಂಥದ್ದು. ಬಿಸಿಲು, ಹೊಗೆ, ಉಗುರಿನ ಸಂದಿಯಲ್ಲಿ ಸೀಸದ ಬಣ್ಣ. ಬಂದು ಹೋಗುವವರೆಲ್ಲ ನೋಡುವ ಜಾಗ ಬೇರೆ. ಅಕ್ಕ ಹಲ್ಲು ಕಚ್ಚಿಕೊಂಡು ಕೆರೆದಳು. ಮನೆಗೆ ಹೋಗಿ ಅತ್ತಳೋ ಇಲ್ಲವೋ ನಾನು ಹೇಳುವುದಿಲ್ಲ, ಅವಳಿಗೆ ಇಷ್ಟವಾಗಲಿಕ್ಕಿಲ್ಲ.

ಮೇಜಿನವರು ಬಂದರು. ಮಾಲೀಕರು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಯಜಮಾನಿ ಮೇಜಿನ ಮೇಲೆ ಅಂಗೈಯಾಡಿಸಿ, ಇಂಥ ಹೊಳಪನ್ನು ತಾನು ಎಲ್ಲೂ ನೋಡಿಲ್ಲ, ಕೋಣೆಯಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗಿದೆ ಎಂದಳು. ಮಾರನೇ ದಿನ ಅಕ್ಕನನ್ನು ಒಳಗೆ ಕರೆದರು. “ಅಕ್ಕ, ಅದು ಯಾವ ಪಾಲಿಶ್? ಅದನ್ನೇ ಮಾಡಿ ನೀವು.” ‘ನೀವು’ ವಾಪಸು ಬಂದಿತ್ತು.

ಮಾಡಿ ಅಂದರೆ ಮಾಡುವುದು ಹೇಗೆ? ಡಬ್ಬಿಯಲ್ಲಿ ಯಾವ ಗಸಿ ಎಷ್ಟಿತ್ತೋ ಯಾರಿಗೆ ಗೊತ್ತು? ಅಕ್ಕ ಹುಡುಕತೊಡಗಿದಳು. ಅರಗು ಹೆಚ್ಚಾದರೆ ಬಿರುಕು ಬಿಡುತ್ತಿತ್ತು, ಮೇಣ ಹೆಚ್ಚಾದರೆ ಬೆರಳಿನ ಗುರುತು ನಿಲ್ಲುತ್ತಿತ್ತು, ಎಣ್ಣೆ ಹೆಚ್ಚಾದರೆ ವಾರವಾದರೂ ಒಣಗುತ್ತಿರಲಿಲ್ಲ. ಹಾಳಾದ ಹಲಗೆಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಮನೆಗೆ ಹೋದರೂ ಮೈಯೆಲ್ಲ ಟರ್ಪೆಂಟೈನ್ ವಾಸನೆ, ದರ್ಜಿ ಗಂಡ ಹೊಲಿಗೆ ಯಂತ್ರವನ್ನು ಕಿಟಕಿ ಪಕ್ಕಕ್ಕೆ ಸರಿಸಿಕೊಂಡ. ಮಗಳು ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಸಂಜೆ ಹಲಗೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸುತ್ತಿದ್ದಳು. ಮೊದಲು ಹಿಡಿದುಕೊಂಡಳು, ಆಮೇಲೆ ಬೆರೆಸಿದಳು, ಆಮೇಲೆ ಅಮ್ಮನಿಗೇ ತಪ್ಪು ತೋರಿಸಿದಳು. ಕೊನೆಗೆ ಒಂದು ದಿನ ಆ ಹೊಳಪು ವಾಪಸು ಬಂತು. ಮಾಲೀಕರು ಅದನ್ನು ಡಬ್ಬಿಗಳಿಗೆ ತುಂಬಿಸಿ ಮಾರಲು ಶುರುಮಾಡಿದರು.

ಇನ್ನು ಅಜ್ಜನ ವಿಷಯ.

ಒಂದು ಹಳೇ ಬೀರುವಿನ ಬೆನ್ನಿನ ಹಲಗೆ ಬಿಚ್ಚಿದಾಗ ಒಳಗಿನಿಂದ ಒಂದು ಫೋಟೋ ಬಿತ್ತು. ಬಿಳಿ ಮೀಸೆಯ ಮುದುಕ, ಕೋಟು, ಯಾರ ಮೇಲೋ ಕೋಪ ಮಾಡಿಕೊಂಡಂಥ ಹುಬ್ಬು. ಬೀರುವಿನವರನ್ನು ಕೇಳಿದರೆ ನಮ್ಮವರಲ್ಲ, ನಾವೂ ಬೀರುವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು ಅಂದರು. ಎಸೆಯುವ ಪದ್ಧತಿ ಇಲ್ಲವಲ್ಲ, ಫೋಟೋ ಊಟದ ಬೆಂಚಿನ ಮೇಲಿನ ಮೊಳೆಗೆ ಹೋಯಿತು. ಅವತ್ತು ಬೆರಕೆ ಶುರು ಮಾಡಿದವನು ದೊಡ್ಡ ಬಡಗಿ.

“ಇವರು ಮಾಲೀಕರ ಅಜ್ಜ,” ಅಂದ, ಅನ್ನ ಕಲಸುತ್ತಾ.

“ಅರಮನೆಗಳಿಗೆಲ್ಲ ಪಾಲಿಶ್ ಮಾಡ್ತಿದ್ರು,” ಅಂದ ಬೆತ್ತದವನು, ಕೆನ್ನೆ ಒಳಗಿನಿಂದ ಕಚ್ಚಿಕೊಂಡು.

“ಕಣ್ಣು ಕಾಣ್ತಿರ್ಲಿಲ್ಲ. ಮೂಸಿ ನೋಡೇ ಯಾವ ಮರ ಅಂತ ಹೇಳೋರು,” ಅಂದಳು ಮಗಳು.

ಅಕ್ಕನ ಸರದಿ. ಅವಳು ನಿಧಾನಕ್ಕೆ ನೀರು ಕುಡಿದು, ಫೋಟೋದ ಹುಬ್ಬು ನೋಡಿ ಹೇಳಿದಳು: “ಮಹಾ ಮುಂಗೋಪಿ. ತನ್ನ ಡಬ್ಬಿ ಮುಟ್ಟಿದೋರ ಕೈಗೆ ಬಿಸಿ ಅರಗು ಸುರೀತಿದ್ದರಂತೆ. ಆದ್ರೆ ಸಾಯೋ ಮೊದಲು ಪಾಲಿಶ್ ಗುಟ್ಟು ಮಾತ್ರ ಹೇಳಿ ಹೋದ್ರು.”

ಬೆತ್ತದವನು ಉಕ್ಕಿಬಂದ ನಗೆಗೆ ಬಾಯಲ್ಲಿದ್ದುದನ್ನು ಚೆಲ್ಲಿಕೊಂಡ. ಡಬ್ಬಿ ತೊಳೆಯಲು ಎದ್ದವನಿಗೆ ಕಂಡದ್ದು, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮಾಲೀಕರು. ಅವರು ನಗುತ್ತಿರಲಿಲ್ಲ. ತುಂಬಾ ಇಷ್ಟಪಟ್ಟು ಕೇಳುತ್ತಿದ್ದರು.

ಅವತ್ತಿನಿಂದ ಅಜ್ಜ ದುಡಿಯಲು ಶುರುಮಾಡಿದ. ಮೊದಲು ಗಿರಾಕಿಯೊಬ್ಬರಿಗೆ ಮಾಲೀಕರು ಬಾಯಿಮಾತಿನಲ್ಲಿ ಹೇಳಿದರು. ಗಿರಾಕಿ ಕಣ್ಣು ಬಾಯಿ ಬಿಟ್ಟುಕೊಂಡು ಕೇಳಿ ಇನ್ನೆರಡು ಡಬ್ಬಿ ಹೆಚ್ಚಿಗೆ ಒಯ್ದರು. ಆಮೇಲೆ ಫೋಟೋ ಊಟದ ಬೆಂಚಿನಿಂದ ಇಳಿದು ಚೌಕಟ್ಟು ಹಾಕಿಸಿಕೊಂಡು ಗಾಜಿನ ಗೂಡಿಗೆ ಏರಿತು. ಆಮೇಲೆ ಡಬ್ಬಿಯ ಮೇಲಿನ ಚೀಟಿಗೆ ಬಂತು: ಮೀಸೆ, ಹುಬ್ಬು, ಕೆಳಗೆ ‘ಅಜ್ಜನ ಮೆರುಗು’ ಅನ್ನುವ ದಪ್ಪಕ್ಷರ. ಆ ಚೀಟಿಗಳನ್ನು ಅಂಟಿಸುವ ಕೆಲಸ ಮಗಳ ಪಾಲಿಗೆ ಬಂತು. ಅಕ್ಕ ಚೀಟಿ ನೋಡಿ ಮೂಗು ಮುರಿದಳು, ಆದರೆ ಏನೂ ಅನ್ನಲಿಲ್ಲ. ಹೋಗಲಿ, ಚಿತ್ರ ತಾನೇ ಎಂದುಕೊಂಡಳು. ಅಲ್ಲೇ ಎಡವಿದ್ದು ನೋಡಿ.

ಒಂದು ಬೆಳಿಗ್ಗೆ ಮಾಲೀಕರು ಅವಳನ್ನು ಗಾಜಿನ ಗೂಡಿಗೆ ಕರೆದು ಕುರ್ಚಿ ಎಳೆದು ಕೊಟ್ಟರು. ಚಹಾ ತರಿಸಿದರು. ಅಕ್ಕನಿಗೆ ಚಹಾ ನೋಡಿದ ಕೂಡಲೇ ಅನುಮಾನ ಬಂತು.

“ದೊಡ್ಡ ಅಂಗಡಿಯೋರು ಬರ್ತಿದಾರೆ ಅಕ್ಕ. ಅವರ ಎಲ್ಲಾ ಅಂಗಡೀಲೂ ನಮ್ಮ ಡಬ್ಬಿ ಇಡ್ತಾರಂತೆ. ಖರೀದಿ ನೋಡ್ಕೊಳ್ಳೋ ಮೇಡಂ ಖುದ್ದಾಗಿ ಬಂದು ನೋಡ್ತಾರೆ. ನೀವು ಒಂದೇ ಒಂದು ಮಾತು ಹೇಳಿದ್ರೆ ಸಾಕು.”

“ಏನ್ ಹೇಳ್ಬೇಕು ಸಾರ್?”

“ಚಿಕ್ಕೋರಿದ್ದಾಗ ನಮ್ಮ ಅಜ್ಜನ ಪಕ್ಕ ಕೂತು ಕಲ್ತಿದ್ದು ಅಂತ.”

“ಯಾವ ಅಜ್ಜ?”

ಮಾಲೀಕರು ಗೋಡೆಯ ಕಡೆ ಗಲ್ಲ ಎತ್ತಿದರು.

“ಅದು ಬೀರು ಹಿಂದೆ ಸಿಕ್ಕಿದ ಫೋಟೋ.”

“ನಂಗೊತ್ತಿಲ್ವಾ ಅಕ್ಕ,” ಅಂದರು ಅವರು, ನಗುತ್ತಲೇ. “ಜನಕ್ಕೆ ಹಳೇದು ಬೇಕು. ಹೊಸದಾಗಿ ಕಂಡುಹಿಡಿದಿದ್ದು ಅಂದ್ರೆ ಯಾರೂ ತಿರುಗಿ ನೋಡಲ್ಲ. ಅದರಲ್ಲೂ ಗಸಿ ಡಬ್ಬಿಯಿಂದ ಬಂತು ಅಂತ ಹೇಳೋಕಾಗುತ್ತಾ? ಮನೆ ಮೇಜಿಗೆ ಹಚ್ಚೋ ಸಾಮಾನು. ಅಸಹ್ಯ ಪಡ್ತಾರೆ.”

“ನೀವು ಪಟ್ಟಿದ್ರಿ. ಮೇಜಿನೋರು ಪಡ್ಲಿಲ್ಲ.”

ಅವರ ನಗು ಸ್ವಲ್ಪ ಕುಂದಿತು. “ಹಳೇದನ್ನ ಯಾಕೆ ಕೆದಕ್ತೀರಿ? ನಿಮಗೇನು ಕಮ್ಮಿ ಮಾಡಿದೀನಿ? ನೀವು ನಮ್ಮನೆಯೋರ ಥರ ಅಲ್ವಾ?”

“ಹಾಗಿದ್ರೆ ಆ ಚೌಕಟ್ಟಲ್ಲಿ ನನ್ನ ಫೋಟೋ ಹಾಕಿ.”

“ತಮಾಷೆ ಮಾಡ್ಬೇಡಿ.”

“ನಾನು ಊಟದ ಹೊತ್ತಲ್ಲಿ ಮಾತ್ರ ತಮಾಷೆ ಮಾಡೋದು ಸಾರ್,” ಅಂದಳು ಅಕ್ಕ. ಚಹಾ ಮುಟ್ಟದೆ ಎದ್ದಳು. “ಏನು ಬೇಕಾದ್ರೂ ಬೆರೆಸಿ ಕೊಡ್ತೀನಿ. ಈ ಸುಳ್ಳನ್ನ ಬೆರೆಸಲ್ಲ. ನನ್ನ ಬಾಯಿಂದ ಅದು ಬರಲ್ಲ.”

ಸುದ್ದಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು? ದೊಡ್ಡ ಬಡಗಿ ಉಳಿಯನ್ನು ಪೆನ್ಸಿಲಿನಷ್ಟೇ ಹಗುರವಾಗಿ ಕೈಯಲ್ಲಿ ತಿರುಗಿಸುತ್ತಾ ಪಾಲಿಶ್ ಕೋಣೆಗೆ ಬಂದ. “ನಾವೇ ಹುಟ್ಟಿಸಿದ ಅಜ್ಜ ಕಣಮ್ಮ ಅವನು. ಪಾಪ, ಇದ್ಕೊಂಡು ಹೋಗ್ಲಿ ಬಿಡು. ನಿನ್ನ ಗಂಟೇನು ಹೋಗುತ್ತೆ?”

“ಊಟದ ಹೊತ್ತಲ್ಲಿ ಹುಟ್ಟಿದೋನು ಊಟದ ಹೊತ್ತಲ್ಲೇ ಇರ್ಲಿ. ಕೆಲಸದ ಹೊತ್ತಿಗೆ ಬಂದು ನನ್ನ ಮಣೆ ಮೇಲೆ ಕೂತ್ಕೊಂಡ್ರೆ ನಾನು ಸುಮ್ನಿರ್ತೀನಾ?”

“ನೀನೇ ಅಲ್ವಾ ಹೇಳಿದ್ದು, ಗುಟ್ಟು ಹೇಳಿ ಸತ್ರು ಅಂತ?”

“ಹೌದು, ನಾನೇ ಹೇಳಿದ್ದು. ಅದಕ್ಕೇ ಹೇಳ್ತಿದೀನಿ, ಸುಳ್ಳು ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

ಬಡಗಿ ಹೋಗಿ ಕಿಟಕಿ ತೆಗೆದ, ಅವಳ ಮುಖ ನೋಡಿ ಮತ್ತೆ ಮುಚ್ಚಿದ.

ಅಕ್ಕನಿಗೆ ಗೊತ್ತಿತ್ತು, ತಾನು ಒಲ್ಲೆ ಅಂದರೆ ಮಾಲೀಕರು ಬೇರೆ ಬಾಯಿ ಹುಡುಕುತ್ತಾರೆ. ಆ ಬಾಯಿ ತನ್ನ ಮನೆಯಲ್ಲೇ ಇದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಸಂಜೆ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದು, ಕೈ ತೊಳೆದುಕೊಳ್ಳುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ಅಮ್ಮ, ಮೇಡಂ ಬಂದಾಗ ನಾನು ಹೇಳ್ತೀನಿ ಅಂತ ಒಪ್ಕೊಂಡೆ.”

ಗಂಡನ ಹೊಲಿಗೆ ಯಂತ್ರ ನಿಂತಿತು.

“ಏನಂತ ಹೇಳ್ತೀಯ?” ಅಂದಳು ಅಕ್ಕ.

“ಅದೇ. ಅಜ್ಜನಿಂದ ಬಂದಿದ್ದು ಅಂತ. ಪಾಲಿಶ್‌ಗೇ ಅಂತ ಹೊಸ ಕೋಣೆ ಕಟ್ತಾರೆ. ಅದರ ಜವಾಬ್ದಾರಿ ನನಗೆ ಕೊಡ್ತಾರಂತೆ. ನನ್ನ ಕೈಕೆಳಗೆ ಜನ ಇರ್ತಾರೆ.” ಈಗ ತಿರುಗಿದಳು. “ಇನ್ನೂ ಎಷ್ಟು ವರ್ಷ ಅಂತ ಮುಚ್ಚಳ ಒತ್ಲಿ? ನಿನ್ನಷ್ಟೇ ಚೆನ್ನಾಗಿ ಬೆರೆಸ್ತೀನಿ, ಗೊತ್ತಲ್ಲ ನಿನಗೆ?”

“ನನಗಿಂತ ಚೆನ್ನಾಗಿ ಬೆರೆಸ್ತೀಯ,” ಅಂದಳು ಅಕ್ಕ. ಅದು ನಿಜವೇ. ಮಗಳ ಕೈ ತನಗಿಂತ ಹದವಾದದ್ದು ಎಂದು ಅವಳಿಗೆ ಯಾವಾಗಲೋ ಗೊತ್ತಾಗಿತ್ತು, ಹೇಳಿರಲಿಲ್ಲ ಅಷ್ಟೇ. “ಜವಾಬ್ದಾರಿ ತಗೋ, ಯಾರು ಬೇಡ ಅಂದ್ರು? ನನ್ನನ್ನ ಒರೆಸಿ ಹಾಕಿ ತಗೋಬೇಡ.”

“ಯಾರಮ್ಮ ಒರೆಸ್ತಿರೋದು? ನೀನೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿದೆ.”

“ಎಲ್ಲರಿಗೂ ಗೊತ್ತಿರೋದನ್ನ ಹೊರಗಿನ ಒಬ್ಬಳ ಮುಂದೆ ಹೇಳೋಕೆ ಯಾಕೆ ನಾಚ್ಕೆ?”

“ನನ್ನನ್ನ ಕೇಳೋದಾದ್ರೆ...” ಅಂದ ಗಂಡ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು.

“ನಿಮ್ಮನ್ನ ಯಾರೂ ಕೇಳ್ಲಿಲ್ಲ,” ಅಂದರು ಇಬ್ಬರೂ ಒಟ್ಟಿಗೆ. ಅವನು ಸೂಜಿಯನ್ನು ವಾಪಸು ಕಚ್ಚಿಕೊಂಡ.

ಅಕ್ಕ ಮಗಳ ಹತ್ತಿರ ಬಂದು ನಿಂತಳು. “ಒಂದು ಮಾತು ಹೇಳು ನನಗೆ. ನಾನು ಅಂಗಳದಲ್ಲಿ ಬಾಗಿಲು ಕೆರೀತಿದ್ನಲ್ಲ, ಅವಾಗ ಅಜ್ಜ ಎಲ್ಲಿದ್ದ? ಬೈಗುಳ ಬೇಕಾದಾಗ ನಾನು ಇದ್ದೆ. ಹೆಸರು ಬರೋ ಹೊತ್ತಿಗೆ ಮೀಸೆ ಇಟ್ಕೊಂಡು ಅವನು ಬಂದ.”

ಮಗಳು ತಟ್ಟೆ ಹಾಕಿಕೊಂಡು ಒಬ್ಬಳೇ ಉಂಡು ಮಲಗಿದಳು. ಅಕ್ಕನಿಗೆ ಮಾಲೀಕರ ಮೇಲೆ ಬಂದಿದ್ದು ಬರೀ ಸಿಟ್ಟು. ಮಗಳ ಮೇಲೆ ಬಂದಿದ್ದು ಸಿಟ್ಟಲ್ಲ, ನೋವು. ಅವಳಿಗೂ ತನ್ನ ಹೆಸರು ಬೇಕು ತಾನೇ ಎಂದು ಒಂದು ಮನಸ್ಸು, ಬೇಕಾದರೆ ನನ್ನದನ್ನು ಕಿತ್ತುಕೊಳ್ಳಬೇಕಾ ಎಂದು ಇನ್ನೊಂದು ಮನಸ್ಸು. ಎರಡೂ ಸರಿಯಾಗಿಯೇ ಕಂಡವು, ಅದೇ ಕಷ್ಟ.

ಮೇಡಂ ಬರುವ ಹಿಂದಿನ ಸಂಜೆ ಮಾಲೀಕರು ಅಕ್ಕನಿಗೆ ಬಹಳ ಕಕ್ಕುಲಾತಿಯಿಂದ ಹೇಳಿದರು, ನಾಳೆ ಮನೆಯಲ್ಲೇ ಆರಾಮಾಗಿರಿ, ನಿಮಗೂ ವಯಸ್ಸಾಯಿತು ಎಂದು. ಬೆಳಿಗ್ಗೆ ಅಕ್ಕ ಎಂದಿನ ಹೊತ್ತಿಗೆ ಎಂದಿನ ಏಪ್ರನ್ ಕಟ್ಟಿಕೊಂಡು ತನ್ನ ಕೋಣೆಯಲ್ಲಿದ್ದಳು. ಗಾಜಿನಾಚೆಯಿಂದ ಮಾಲೀಕರು ಅವಳನ್ನು ಕಂಡರು. ಹೊರಗೆ ಕಾರು ನಿಂತಾಗಿತ್ತು, ಇನ್ನೇನು ಮಾಡಲೂ ಸಮಯವಿರಲಿಲ್ಲ.

ಮೇಡಂ ಚುರುಕಿನ ಹೆಂಗಸು. ಸುತ್ತಿ ಬಳಸಿ ಮಾತಾಡುವವಳಲ್ಲ, ಕೊಟ್ಟ ಕುರ್ಚಿಯಲ್ಲಿ ಕೂರಲೂ ಇಲ್ಲ. ನೇರವಾಗಿ ಶೆಡ್ಡಿನ ಮಧ್ಯೆ ಬಂದು ನಿಂತಳು. ಅಲ್ಲೊಂದು ಹಳೇ ತೋಳುಕುರ್ಚಿ, ಒಂದು ತೋಳು ಪಾಲಿಶ್ ಆಗಿ ಸಿದ್ಧವಾಗಿತ್ತು, ಇನ್ನೊಂದು ತೋಳಿಗೆ ಮಗಳು ಆಕೆಯ ಕಣ್ಣೆದುರೇ ಪಾಲಿಶ್ ಹಚ್ಚಿದಳು. ಕೆಲಸದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತು ಕೆಲಸ ಮಾಡಿದಂತೆ ಮಾಡುತ್ತಾ ನೋಡುತ್ತಿದ್ದರು. ಬಟ್ಟೆಯುಂಡೆ ಸುತ್ತುಸುತ್ತಾಗಿ ಹೋಯಿತು, ಒಣಗಿತು, ಮತ್ತೆ ಹೋಯಿತು. ಮೇಡಂ ಬಗ್ಗಿ ನೋಡಿದಳು, ಮುಟ್ಟಿ ನೋಡಿದಳು. ಮುಖದಲ್ಲಿ ಮೆಚ್ಚುಗೆ ಕಾಣಿಸಿತು.

ಮಾಲೀಕರು ಶುರುಮಾಡಿದರು. ಅಬ್ಬಾ, ಅವರೂ ಏನು ಕಮ್ಮಿಯಿಲ್ಲ. ಊಟದ ಬೆಂಚಿನ ಬೆರಕೆ ಅವರ ಬಾಯಲ್ಲಿ ದುಪ್ಪಟ್ಟಾಗಿತ್ತು. ಅರಮನೆ ಇತ್ತು, ಕುರುಡು ಇತ್ತು, ಮರ ಮೂಸುವುದೂ ಇತ್ತು, ಜೊತೆಗೆ ಹಡಗೊಂದು ಮುಳುಗುವುದೂ ಸೇರಿಕೊಂಡಿತ್ತು. ಬೆತ್ತದವನು ನಗು ತಡೆಯಲಾರದೆ ಗೋಡೆ ಕಡೆ ತಿರುಗಿ ನಿಂತ.

“ಕೇಳಿ ಬೇಕಾದ್ರೆ ಈ ಹುಡುಗೀನ,” ಅಂದರು ಮಾಲೀಕರು.

ಮಗಳು ನೆಲ ನೋಡುತ್ತಾ ಹೇಳಿದಳು: “ಹೌದು ಮೇಡಂ. ಅಜ್ಜನ ಕಾಲದಿಂದ ಬಂದಿದ್ದು.”

ಅಕ್ಕ ಪಾಲಿಶ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮಗಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಬಾಯಿ ಕಟ್ಟಿಹೋಗುತ್ತದೆ ಅವಳಿಗೆ ಎಂದು ಎಲ್ಲೋ ನಂಬಿದ್ದಳು. ಈಗ ಕೇಳಿಯಾಯಿತು. ಕೇಳಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಅವಳು ಕೈ ಒರೆಸಿಕೊಂಡು ಮುಂದೆ ಬಂದಳು.

“ಮೇಡಂ, ಆ ಪಾಲಿಶ್ ಮಾಡಿದ್ದು ನಾನು.”

“ಅಕ್ಕ, ಆಮೇಲೆ ಮಾತಾಡೋಣ,” ಅಂದರು ಮಾಲೀಕರು.

“ಆಮೇಲೆ ಇವರು ಹೋಗಿಬಿಡ್ತಾರೆ ಸಾರ್. ಈಗ್ಲೇ ಆಗ್ಲಿ.” ಅಕ್ಕನ ದನಿ ಏರಲಿಲ್ಲ, ಆದರೆ ಶೆಡ್ಡಿನ ಆ ತುದಿಗೂ ಕೇಳುತ್ತಿತ್ತು. “ಅಜ್ಜ ಅಂತ ಯಾರೂ ಇಲ್ಲ. ಆ ಫೋಟೋ ಬೀರು ಹಿಂದೆ ಸಿಕ್ಕಿದ್ದು, ಕಥೆ ನಾವು ಊಟ ಮಾಡ್ತಾ ಕಟ್ಟಿದ್ದು, ಅದರಲ್ಲಿ ನನ್ನ ಪಾಲೂ ಇದೆ. ಈ ಪಾಲಿಶ್ ಹುಟ್ಟಿದ್ದು ಪಾತ್ರೆ ತಳ ಕೆರೆದು ಹಾಕೋ ಡಬ್ಬಿಯಿಂದ. ನಾನು ತಪ್ಪಿ ಹಚ್ಚಿದೆ. ಅದಕ್ಕೆ ಇವರು ನನ್ನನ್ನ ಅಂಗಳಕ್ಕೆ ಹಾಕಿದ್ರು. ಆಮೇಲೆ ಅದು ಏನು, ಎಷ್ಟು, ಹೇಗೆ ಅಂತ ನಾನೇ ಹುಡುಕಿದೆ, ನನ್ನ ಮಗಳನ್ನ ಕಟ್ಕೊಂಡು. ಇದು ಚೆನ್ನಾಗಿದೆ ಅನ್ಸಿದ್ರೆ ನನ್ನ ಮುಖ ನೋಡಿ ಹೇಳಿ. ಚೆನ್ನಾಗಿಲ್ಲ ಅನ್ಸಿದ್ರೂ ನನ್ನ ಮುಖ ನೋಡೇ ಬೈರಿ. ಗೋಡೆ ಮೇಲಿನ ಫೋಟೋ ನೋಡ್ಬೇಡಿ.”

ಮಾಲೀಕರ ಕಿವಿ ಕೆಂಪಾಗಿತ್ತು. ಈಗ ಮೇಡಂ ಕಾರು ಹತ್ತಿ ಹೋಗಿಬಿಡುತ್ತಾಳೆ, ವ್ಯವಹಾರ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ಮೇಡಂ ಹೋಗಲಿಲ್ಲ. ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅಕ್ಕನ ಮುಖವನ್ನು ಪೂರ್ತಿ ನೋಡಿ, “ಪಾಲಿಶ್ ತುಂಬಾ ಚೆನ್ನಾಗಿದೆ,” ಅಂದಳು. ಅಕ್ಕನಿಗೆ ಒಂದು ಕ್ಷಣ ಎಲ್ಲವೂ ಸರಿಹೋದಂತೆ ಅನಿಸಿತು. ಮೇಡಂ ಮುಂದುವರಿಸಿದಳು: “ನೀವು ಹೇಳಿದ್ದು ನಿಜ ಅಂತಾನೂ ಗೊತ್ತಾಗುತ್ತೆ. ಆದ್ರೆ ನನಗೆ ಅಜ್ಜನೇ ಬೇಕು. ಪಾತ್ರೆ ತಳ ಕೆರೆದಿದ್ದು ಅಂದ್ರೆ ಮಾರಾಟ ಆಗಲ್ಲ. ಅಜ್ಜ ಅಂದ್ರೆ ಆಗುತ್ತೆ. ನನ್ನ ಅಂಗಡೀಲಿ ಅರ್ಧಕ್ಕರ್ಧ ಡಬ್ಬಿಗಳ ಮೇಲೆ ಇರೋರು ಯಾರೂ ಹುಟ್ಟೇ ಇಲ್ಲ.”

ಮಾಲೀಕರ ಮುಖಕ್ಕೆ ಜೀವ ಬಂತು. ನಿಜ ಹೇಳಿದರೆ ನಂಬುವುದಿಲ್ಲವೇನೋ ಎಂಬುದೊಂದೇ ಭಯ ಅಕ್ಕನಿಗಿದ್ದದ್ದು. ನಂಬಿಯೂ ಬೇಡ ಅನ್ನಬಹುದು ಅಂತ ಯಾರಿಗೆ ಹೊಳೆಯುತ್ತದೆ, ನೀವೇ ಹೇಳಿ?

ಮೇಡಂ ಆಗಲೇ ಮಗಳ ಕಡೆ ತಿರುಗಿದ್ದಳು. “ನೀನು ಹಚ್ಚಿದ್ದು ನೋಡ್ದೆ, ಕೈ ಪಳಗಿದೆ. ಇದೇ ಹದದಲ್ಲಿ ಎಲ್ಲಾ ಡಬ್ಬಿನೂ ನೀನು ಮಾಡ್ಬಲ್ಲೆ ತಾನೆ? ನಿಮ್ಮಮ್ಮ ಇಲ್ದಿದ್ರೂ ನಡೆಯುತ್ತಲ್ಲ?”

“ನಡೆಯುತ್ತೆ ಮೇಡಂ, ಎಲ್ಲಾ ಗೊತ್ತು ಅವಳಿಗೆ,” ಅಂದರು ಮಾಲೀಕರು ಅವಸರದಲ್ಲಿ.

ಮಗಳು ಈಗ ನೆಲ ನೋಡುತ್ತಿರಲಿಲ್ಲ. ತನ್ನ ಕೈಯಲ್ಲಿದ್ದ ಬಟ್ಟೆಯುಂಡೆ ನೋಡಿದಳು, ಅಮ್ಮನನ್ನು ನೋಡಿದಳು. ಅಕ್ಕ ಅವಳಿಗೆ ಕಣ್ಸನ್ನೆ ಮಾಡಲಿಲ್ಲ, ತಲೆಯಾಡಿಸಲಿಲ್ಲ. ಕೆಂಪು ಬೆರಳುಗಳನ್ನು ಏಪ್ರನ್ನಿನಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಬೇಡುವ ಹೆಂಗಸಲ್ಲ ಅವಳು, ಮಗಳ ಹತ್ತಿರವೂ.

“ಇಲ್ಲ ಮೇಡಂ,” ಅಂದಳು ಮಗಳು. “ನನಗೆ ಬರಲ್ಲ.”

“ಬರಲ್ಲ ಅಂದ್ರೆ?” ಅಂದರು ಮಾಲೀಕರು. “ಈಗ ತಾನೇ ಹಚ್ಚಿದೆಯಲ್ಲ.”

“ಹಚ್ಚೋಕೆ ಬರುತ್ತೆ ಸಾರ್. ಬೆರೆಸೋಕೆ ಬರಲ್ಲ.” ಅವಳು ಬಟ್ಟೆಯುಂಡೆಯನ್ನು ಕೆಳಗಿಟ್ಟಳು. “ಡಬ್ಬಿ ಮೇಲೆ ಅಮ್ಮನ ಹೆಸರು ಹಾಕ್ಸಿ. ಆಗ ಬರುತ್ತೆ.”

ಮೇಡಂ ಮೊದಲ ಸಲ ನಕ್ಕಳು. ಮಾಲೀಕರನ್ನು ಒಮ್ಮೆ ನೋಡಿ, ಡಬ್ಬಿಯೊಳಗೆ ಏನೂ ಇಲ್ಲದೆ ಬರೀ ಅಜ್ಜನನ್ನು ಇಟ್ಟುಕೊಂಡು ತಾನೇನು ಮಾಡಲಿ, ನಿಮ್ಮಲ್ಲಿ ಮೊದಲು ತೀರ್ಮಾನವಾಗಲಿ, ಆಮೇಲೆ ಫೋನ್ ಮಾಡಿ ಎಂದು ಹೇಳಿ ಕಾರಿನ ಕಡೆ ನಡೆದಳು. ಮಾಲೀಕರು ಹಿಂದೆಯೇ ಓಡಿದರು, ಅರ್ಧದಲ್ಲಿ ನಿಂತರು, ವಾಪಸು ಬಂದರು.

“ನೀನೂನಾ?” ಅಂದರು ಮಗಳಿಗೆ. ಆಮೇಲೆ ಅಕ್ಕನ ಕಡೆ ತಿರುಗಿ, ಕಷ್ಟಪಟ್ಟು ನಗುತ್ತಾ, “ನಾಳೆವರೆಗೆ ಯೋಚನೆ ಮಾಡಿ ಅಕ್ಕ. ದುಡುಕ್ಬೇಡಿ. ಹೊಸ ಕೋಣೆ ಇದೆ, ಮಗಳ ಭವಿಷ್ಯ ಇದೆ,” ಅಂದರು.

“ಯೋಚನೆ ನೀವು ಮಾಡಿ ಸಾರ್,” ಅಂದಳು ಅಕ್ಕ. “ನಮ್ಮದು ಆಯ್ತು.”

ಅವಳಿಗೆ ಕಣ್ಣು ತುಂಬಿಬಂದಿತ್ತು. ಕೈಗೆಲ್ಲ ಮೇಣವಿದ್ದುದರಿಂದ ಒರೆಸಿಕೊಳ್ಳಲಿಲ್ಲ, ಅಥವಾ ಅದನ್ನೇ ನೆಪ ಮಾಡಿಕೊಂಡಳು. ಮಗಳು ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಆ ಕುರ್ಚಿಯನ್ನು ಎರಡು ಕಡೆಯಿಂದ ಎತ್ತಿಕೊಂಡು ಪಾಲಿಶ್ ಕೋಣೆಗೆ ಒಯ್ದರು. ಕುರ್ಚಿಗೆ ಇನ್ನೂ ಬೆನ್ನು, ಕಾಲು, ಕೂರುವ ಹಲಗೆ ಬಾಕಿ ಇದ್ದವು. ಮಾಲೀಕರು ಗಾಜಿನ ಗೂಡಿನಿಂದ ನೋಡುತ್ತಲೇ ಇದ್ದರು. ಅವರ ಕಣ್ಣೆದುರೇ ಅಕ್ಕ ತನ್ನ ಪಾಲಿಶ್ ಬೆರೆಸುವ ಸಾಮಾನಿದ್ದ ಕಪಾಟಿನ ಬಾಗಿಲು ಹಾಕಿ, ಮೂಲೆಯಲ್ಲಿದ್ದ, ಅಂಗಡಿಯಿಂದ ತಂದ ಸಾದಾ ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆದು ಮಗಳ ಕೈಗೆ ಕೊಟ್ಟಳು.